ಚಿನ್ನದ ಮೇಲಿನ ಥಯಾಲ್ ಏಕಪದರವನ್ನು ಕೆಡದಂತೆ ಕಾಯುವುದು ಹೇಗೆ

ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲವೆಂಬುದು ನಿಜ. ಆದರೆ ಚಿನ್ನದ ಮೇಲೆ ನಾವು ಕಟ್ಟುವ ಒಂದೇ ಅಣುವಿನ ದಪ್ಪದ ಥಯಾಲ್ ಪದರಕ್ಕೆ, ಅಂದರೆ ತುದಿಯಲ್ಲಿ ಗಂಧಕವಿರುವ ಸಾವಯವ ಅಣುಗಳ ಪದರಕ್ಕೆ, ಆ ಭಾಗ್ಯವಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಾಗಲಿ, ಶಿವಮೊಗ್ಗ ನಗರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಾಗಲಿ, ಸಂವೇದಕಗಳ ಮೇಲೆ ಎಂ.ಎಸ್‌ಸಿ. ಯೋಜನೆ ಅಥವಾ ಪಿಎಚ್.ಡಿ. ಕೆಲಸ ಆರಂಭಿಸುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಾಣುವನ್ನು ಪತ್ತೆಹಚ್ಚುವ ಡಿಎನ್‌ಎ ಸಂವೇದಕವೊಂದನ್ನು ಚಿನ್ನದ ವಿದ್ಯುದ್ವಾರದ ಮೇಲೆ ಕಟ್ಟಬೇಕೆಂದು ಯಾರಾದರೂ ಹೊರಟರೆ, ಅದು ಪ್ರಯೋಗಾಲಯದಲ್ಲಿ ಒಂದು ದಿನ ಕೆಲಸ ಮಾಡಿದರೆ ಸಾಲದು. ತೀರ್ಥಹಳ್ಳಿಯ ಅಥವಾ ಸಾಗರದ ಆಸ್ಪತ್ರೆಯ ಕಪಾಟಿನಲ್ಲಿ ವಾರಗಟ್ಟಲೆ ಕುಳಿತ ಮೇಲೂ ಅದೇ ಉತ್ತರವನ್ನು ಕೊಡಬೇಕು. ಆ ಬಾಳಿಕೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಚಿನ್ನಕ್ಕೂ ಗಂಧಕಕ್ಕೂ ನಡುವಿನ ಬಂಧ ಮತ್ತು ಅದನ್ನು ಕೆಡಿಸುವ ಉತ್ಕರ್ಷಣ, ಅಂದರೆ ಗಂಧಕ ಆಮ್ಲಜನಕವನ್ನು ಕೂಡಿಸಿಕೊಳ್ಳುವುದು.

ಮಲೆನಾಡಿನಲ್ಲಿ ಈ ವಿಷಯದ ಬಗ್ಗೆ ಮಾತು ಬಂದಾಗಲೆಲ್ಲ ಕೇಳಿಬರುವ ದೂರು ಒಂದೇ: ಮಳೆಗಾಲದ ತೇವಕ್ಕೆ ಪದರ ನಿಲ್ಲುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಆರೋಪ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಆರೋಪಿಯ ಮೇಲೆ ಬೀಳುತ್ತಿದೆ. ನಿಜವಾದ ಆರೋಪಿ ಎಷ್ಟೋ ಸಲ ಅದೇ ಕೋಣೆಯ ಮೂಲೆಯಲ್ಲಿ ಕುಳಿತಿರುವ ಲೇಸರ್ ಪ್ರಿಂಟರ್.

ಕೆಡುವುದು ಏನು, ಕೆಡಿಸುವುದು ಯಾವುದು

ಆಲ್ಕೇನ್‌ಥಯಾಲ್ ಅಣುಗಳು, ಅಂದರೆ ಇಂಗಾಲದ ನೇರ ಸರಪಳಿಯಿರುವ ಥಯಾಲ್‌ಗಳು, ಚಿನ್ನದ ಹರಳಿನ 111 ಎಂಬ ಮುಖದ ಮೇಲೆ ಕುಳಿತಾಗ ಗಂಧಕದ ಪರಮಾಣುಗಳು ಪರಸ್ಪರ ಸುಮಾರು 0.5 ನ್ಯಾನೊಮೀಟರ್ ಅಂತರದಲ್ಲಿ ಸಾಲುಗಟ್ಟುತ್ತವೆ. ಅವುಗಳ ಇಂಗಾಲದ ಸರಪಳಿಗಳು ಲಂಬಕ್ಕೆ ಸುಮಾರು 30 ಡಿಗ್ರಿ ವಾಲಿಕೊಂಡು ಒತ್ತಾಗಿ ನಿಲ್ಲುತ್ತವೆ. ಒಂದು ಚದರ ಸೆಂಟಿಮೀಟರಿನಲ್ಲಿ ಹೀಗೆ ಸುಮಾರು 460 ಲಕ್ಷ ಕೋಟಿ ಅಣುಗಳು ಹಿಡಿಸುತ್ತವೆ. ಪದರದ ಬಲ ಇರುವುದು ಎರಡು ಕಡೆ: ತಳದಲ್ಲಿ ಚಿನ್ನ ಮತ್ತು ಗಂಧಕದ ಬಂಧ, ಅದರ ಮೇಲೆ ಸರಪಳಿಗಳ ನಡುವಿನ ಸಣ್ಣ ಆಕರ್ಷಣೆಗಳ ಒಟ್ಟು ಮೊತ್ತ. ಸರಪಳಿ ಉದ್ದವಾದಷ್ಟೂ ಈ ಮೊತ್ತ ಬೆಳೆಯುತ್ತದೆ, ಹೊರಗಿನ ಅಣುಗಳು ಗಂಧಕದವರೆಗೆ ನುಸುಳುವುದು ಕಷ್ಟವಾಗುತ್ತದೆ. 16 ಅಥವಾ 18 ಇಂಗಾಲದ ಥಯಾಲ್ ಪದರಗಳು ತಾಳಿಕೊಳ್ಳುವ ಪರಿಸ್ಥಿತಿಯಲ್ಲಿ 4 ಅಥವಾ 6 ಇಂಗಾಲದ ಪದರಗಳು ಬೇಗ ಹಾಳಾಗುವುದಕ್ಕೆ ಕಾರಣ ಇದೇ.

ಗಾಳಿಯ ಸಾಧಾರಣ ಆಮ್ಲಜನಕ ಕತ್ತಲೆಯಲ್ಲಿ, ಕೋಣೆಯ ಉಷ್ಣತೆಯಲ್ಲಿ, ಈ ಬಂಧವನ್ನು ಗಮನಾರ್ಹ ವೇಗದಲ್ಲಿ ಕೆಡಿಸುವುದಿಲ್ಲ. ಕೆಡಿಸುವುದು ಓಝೋನ್. ಗಾಳಿಯಲ್ಲಿ ಇದರ ಪಾಲು ನೂರು ಕೋಟಿಯಲ್ಲಿ ಕೆಲವು ಹತ್ತುಗಳಷ್ಟೇ ಇದ್ದರೂ, ಒಂದೇ ಅಣುವಿನ ದಪ್ಪದ ಪದರಕ್ಕೆ ಅಷ್ಟು ಸಾಕು. 1998ರಲ್ಲಿ ಪ್ರಕಟವಾದ ಅಧ್ಯಯನಗಳು ಈ ವಿಷಯವನ್ನು ಸ್ಪಷ್ಟವಾಗಿ ತೋರಿಸಿದವು. ಓಝೋನ್ ತಗುಲಿದಾಗ ಥಯೋಲೇಟ್ (ಚಿನ್ನಕ್ಕೆ ಬಂಧಿತವಾದ ಥಯಾಲ್) ಗಂಧಕ ಹಂತಹಂತವಾಗಿ ಆಮ್ಲಜನಕವನ್ನು ಕೂಡಿಸಿಕೊಂಡು ಸಲ್ಫಿನೇಟ್ ಆಗಿ, ಕೊನೆಗೆ ಸಲ್ಫೋನೇಟ್ ಆಗಿ ಬದಲಾಗುತ್ತದೆ. ಸಲ್ಫೋನೇಟ್ ಚಿನ್ನವನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಒಣಗಿದ ಮೇಲ್ಮೈಯಲ್ಲಿ ಅದು ಇದ್ದಲ್ಲೇ ಇರುತ್ತದೆ, ನೀರು ಅಥವಾ ಎಥನಾಲ್ ಬಿದ್ದ ಕೂಡಲೇ ತೊಳೆದುಹೋಗುತ್ತದೆ. ಈ ಒಂದು ಗುಣವನ್ನು ನೆನಪಿನಲ್ಲಿಡದೆ ಮಾಡಿದ ಪರೀಕ್ಷೆಗಳು ದಾರಿ ತಪ್ಪಿಸುತ್ತವೆ. ಅದನ್ನು ಮುಂದೆ ವಿವರವಾಗಿ ನೋಡೋಣ.

ನೆಲಮಟ್ಟದ ಓಝೋನ್ ಹುಟ್ಟುವುದಕ್ಕೆ ಬಿಸಿಲು ಬೇಕು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರಗಳ ಕಡೆ ಮೋಡ ಕವಿದು ಮಳೆ ಹೊಯ್ಯುವ ದಿನಗಳಲ್ಲಿ ಹೊರಗಿನ ಗಾಳಿಯ ಓಝೋನ್ ಸಾಮಾನ್ಯವಾಗಿ ತಗ್ಗಿರುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಏರಿರುತ್ತದೆ. ಮಳೆಗಾಲದಲ್ಲಿ ಪದರ ಕೆಟ್ಟರೆ ಮೊದಲು ನೋಡಬೇಕಾದದ್ದು ಕೋಣೆಯ ಒಳಗೆ: ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಕೊಂಡು ಕೂತಾಗ ಒಳಗೆ ಹುಟ್ಟಿದ ಓಝೋನ್ ಹೊರಹೋಗಲು ದಾರಿಯಿರುವುದಿಲ್ಲ.

ಮೊದಲ ಹಂತ: ಕೋಣೆಯನ್ನು ನೋಡುವುದು

ಪದರ ಕಟ್ಟುವ ಮತ್ತು ಇಡುವ ಕೋಣೆಯಲ್ಲಿ ಹೆಚ್ಚು ವೋಲ್ಟೇಜಿನ ವಿಸರ್ಜನೆ ಅಥವಾ ನೇರಳಾತೀತ ಬೆಳಕು ಯಾವುದರಿಂದ ಬರುತ್ತಿದೆಯೆಂದು ಪಟ್ಟಿ ಮಾಡಿ. ಲೇಸರ್ ಪ್ರಿಂಟರ್, ಜೆರಾಕ್ಸ್ ಯಂತ್ರ, ಅಯಾನು ಉಗುಳುವ ಗಾಳಿ ಶುದ್ಧೀಕರಣ ಯಂತ್ರ, ಲ್ಯಾಮಿನಾರ್ ಫ್ಲೋ ಪೆಟ್ಟಿಗೆಯ ರೋಗಾಣುನಾಶಕ ದೀಪ, ನೇರಳಾತೀತ-ಓಝೋನ್ ಶುದ್ಧೀಕರಣ ಪೆಟ್ಟಿಗೆ, ಇವಿಷ್ಟು ಸಾಮಾನ್ಯವಾಗಿ ಸಿಗುವ ಮೂಲಗಳು. 185 ನ್ಯಾನೊಮೀಟರಿನ ಬೆಳಕನ್ನು ಹೊರಬಿಡುವ ದೀಪಗಳು ಗಾಳಿಯಲ್ಲೇ ಓಝೋನನ್ನು ತಯಾರಿಸುತ್ತವೆ; 254 ನ್ಯಾನೊಮೀಟರಿನದು ಮಾತ್ರ ಬರುವ ದೀಪವಾದರೂ ಅದರ ಬೆಳಕು ನೇರವಾಗಿ ಪದರದ ಮೇಲೆ ಬೀಳಬಾರದು. ಇವುಗಳನ್ನು ಬೇರೆ ಕೋಣೆಗೆ ಸಾಗಿಸುವುದು ಸಾಧ್ಯವಿದ್ದರೆ ಅದಕ್ಕಿಂತ ಅಗ್ಗದ ಪರಿಹಾರ ಬೇರಿಲ್ಲ.

ಓಝೋನ್ ಮಾಪಕ ಇಲ್ಲದವರು ಹಳೆಯ ಒಂದು ವಿಧಾನವನ್ನು ಬಳಸಬಹುದು. ಜೋಳದ ಪಿಷ್ಟವನ್ನು ನೀರಿನಲ್ಲಿ ಕುದಿಸಿ ಗಂಜಿ ಮಾಡಿ, ಅದಕ್ಕೆ ಸ್ವಲ್ಪ ಪೊಟ್ಯಾಸಿಯಂ ಅಯೊಡೈಡ್ ಬೆರೆಸಿ, ಸೋಸುಕಾಗದಕ್ಕೆ ಬಳಿದು ನೆರಳಿನಲ್ಲಿ ಒಣಗಿಸಿ. ಈ ಕಾಗದವನ್ನು ಶುದ್ಧ ನೀರಿನಲ್ಲಿ ಒದ್ದೆ ಮಾಡಿ ಪ್ರಿಂಟರಿನ ಬಳಿ ಒಂದು, ಮಾದರಿಗಳ ಕಪಾಟಿನಲ್ಲಿ ಒಂದು, ಹೊರಜಗಲಿಯಲ್ಲಿ ಒಂದು ತೂಗುಹಾಕಿ ಕೆಲವು ಗಂಟೆಗಳ ನಂತರ ನೋಡಿದರೆ, ಓಝೋನ್ ಹೆಚ್ಚಿರುವ ಕಡೆ ನೀಲಿ ಅಥವಾ ನೇರಳೆ ಬಣ್ಣ ಗಾಢವಾಗಿರುತ್ತದೆ. ತೇವಾಂಶ ಬದಲಾದರೆ ಬಣ್ಣವೂ ಬದಲಾಗುವುದರಿಂದ ಒಂದೇ ದಿನ ತೂಗುಹಾಕಿದ ಕಾಗದಗಳನ್ನು ಮಾತ್ರ ಪರಸ್ಪರ ಹೋಲಿಸಬೇಕು. ಜುಲೈ ತಿಂಗಳ ಕಾಗದವನ್ನು ಮಾರ್ಚ್ ತಿಂಗಳದರ ಪಕ್ಕದಲ್ಲಿಟ್ಟು ತೀರ್ಮಾನಕ್ಕೆ ಬರಬಾರದು.

ಎರಡನೆಯ ಹಂತ: ಚಿನ್ನವನ್ನು ಸಿದ್ಧಗೊಳಿಸುವುದು

ಉತ್ಕರ್ಷಣ ಆರಂಭವಾಗುವುದು ದೋಷಗಳಿರುವ ಜಾಗದಲ್ಲಿ: ಕಣಗಳ ಅಂಚು, ಮೆಟ್ಟಿಲು, ಗೀರು, ಕೊಳೆ ಕುಳಿತ ಚುಕ್ಕೆ. ಗಾಜಿನ ಮೇಲೆ ಕೆಲವು ನ್ಯಾನೊಮೀಟರ್ ಕ್ರೋಮಿಯಂ ಅಥವಾ ಟೈಟಾನಿಯಂ, ಅದರ ಮೇಲೆ 100 ನ್ಯಾನೊಮೀಟರಿನಷ್ಟು ಚಿನ್ನ ಇರುವ ಪಟ್ಟಿಗಳು ಹೆಚ್ಚಿನ ಕೆಲಸಕ್ಕೆ ಸಾಕು. ಅವುಗಳನ್ನು ಬಹಳ ಹೊತ್ತು ಕಾಯಿಸಿದರೆ ಕೆಳಗಿನ ಕ್ರೋಮಿಯಂ ಚಿನ್ನದ ಮೂಲಕ ಮೇಲಕ್ಕೆ ಬರುತ್ತದೆ. ಅಭ್ರಕದ ಮೇಲೆ ಲೇಪಿಸಿ ಹದವಾಗಿ ಕಾಯಿಸಿದ ಚಿನ್ನ ಹೆಚ್ಚು ಸಮತಟ್ಟಾಗಿರುತ್ತದೆ.

ಶುದ್ಧೀಕರಣಕ್ಕೆ ಹಲವರು ಪಿರಾನ್ಹಾ ದ್ರಾವಣವನ್ನೇ, ಅಂದರೆ ಸಾಂದ್ರ ಸಲ್ಫ್ಯೂರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡಿನ ಮಿಶ್ರಣವನ್ನೇ, ನಂಬಿದ್ದಾರೆ. ಸಾವಯವ ದ್ರಾವಕದ ಸಂಪರ್ಕ ಬಂದರೆ ಅದು ಸ್ಫೋಟಿಸಬಹುದು; ಮುಚ್ಚಳ ಹಾಕಿದ ಬಾಟಲಿಯಲ್ಲಿ ಇಟ್ಟರೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಒಳ್ಳೆಯ ಹೊಗೆಗೂಡಿಲ್ಲದ ಕಾಲೇಜುಗಳಲ್ಲಿ ಇದನ್ನು ಕೈಬಿಡುವುದೇ ವಾಸಿ. ಬದಲಿಗೆ, ಬೇರೆ ಕೋಣೆಯಲ್ಲಿರುವ ನೇರಳಾತೀತ-ಓಝೋನ್ ಪೆಟ್ಟಿಗೆಯಲ್ಲಿ 15ರಿಂದ 20 ನಿಮಿಷ ಇಟ್ಟು, ಶುದ್ಧ ನೀರಿನಲ್ಲಿ ತೊಳೆದು, ಅನಂತರ ಎಥನಾಲಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಈ ಕೊನೆಯ ಮುಳುಗನ್ನು ಬಿಡುವಂತಿಲ್ಲ. ಓಝೋನ್ ಚಿನ್ನದ ಮೇಲೆ ತೆಳುವಾದ ಆಕ್ಸೈಡನ್ನು ಹುಟ್ಟಿಸಿರುತ್ತದೆ, ಅದನ್ನು ಎಥನಾಲ್ ಮತ್ತೆ ಲೋಹವಾಗಿ ಅಪಕರ್ಷಿಸುತ್ತದೆ. ಆಕ್ಸೈಡ್ ಉಳಿದರೆ ಥಯಾಲನ್ನು ಅದೇ ಉತ್ಕರ್ಷಿಸಿ, ಕಟ್ಟುವ ಮೊದಲೇ ಪದರ ಕೆಟ್ಟಂತಾಗುತ್ತದೆ.

ವಿದ್ಯುದ್ವಾರಗಳಾದರೆ 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ವಿಭವವನ್ನು ಏರಿಳಿಸಿ, ವೋಲ್ಟಾಮೊಗ್ರಾಮ್ (ವಿಭವಕ್ಕೆ ತಕ್ಕಂತೆ ವಿದ್ಯುತ್ಪ್ರವಾಹವನ್ನು ತೋರಿಸುವ ನಕ್ಷೆ) ಒಂದರ ಮೇಲೊಂದು ಕೂರುವವರೆಗೆ ಮುಂದುವರಿಸಬೇಕು. ಇಲ್ಲಿ ದೊರೆಯುವ ಆಕ್ಸೈಡ್ ಅಪಕರ್ಷಣ ಶಿಖರದ ವಿದ್ಯುದಾವೇಶವನ್ನು ಪ್ರತಿ ಚದರ ಸೆಂಟಿಮೀಟರಿಗೆ 390 ಮೈಕ್ರೊಕೂಲಂಬಿನಿಂದ ಭಾಗಿಸಿದರೆ ಚಿನ್ನದ ನಿಜವಾದ ವಿಸ್ತೀರ್ಣ ಸಿಗುತ್ತದೆ; ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಐದನೆಯ ಹಂತದಲ್ಲಿ ಅದರ ಅಗತ್ಯವಿದೆ. ಆಧಾರ ವಿದ್ಯುದ್ವಾರದಿಂದ ಕ್ಲೋರೈಡ್ ಸೋರಿದರೆ ಧನ ವಿಭವದಲ್ಲಿ ಚಿನ್ನವೇ ಕರಗುವುದರಿಂದ ಜೋಡಿ ಕೋಶದ ಆಧಾರವನ್ನು ಬಳಸುವುದು ಒಳ್ಳೆಯದು.

ಮೂರನೆಯ ಹಂತ: ಪದರ ಕಟ್ಟುವುದು

ಇದು ಸರಳ. 1 ಮಿಲಿಮೋಲಾರ್ ಥಯಾಲನ್ನು ಶುದ್ಧ ಎಥನಾಲಿನಲ್ಲಿ ಕರಗಿಸಿ, ನೈಟ್ರೋಜನ್ ಹಾಯಿಸಿ, ಚಿನ್ನವನ್ನು ಮುಳುಗಿಸಿ, ಗಾಜಿನ ಮುಚ್ಚಿದ ಬಾಟಲಿಯಲ್ಲಿ ಕತ್ತಲೆಯಲ್ಲಿ 18ರಿಂದ 24 ಗಂಟೆ ಬಿಡಿ. ಹೆಚ್ಚಿನ ಅಣುಗಳು ಮೊದಲ ಕೆಲವು ನಿಮಿಷಗಳಲ್ಲೇ ಬಂದು ಕೂರುತ್ತವೆ. ಉಳಿದ ಗಂಟೆಗಳು ಬೇಕಾಗುವುದು ಅವು ಸಾಲುಗೂಡಿ ಒತ್ತಾಗುವುದಕ್ಕೆ. ಅವಸರದಲ್ಲಿ ಒಂದು ಗಂಟೆಗೆ ತೆಗೆದ ಪದರ ನೀರಿನ ಹನಿಯ ಪರೀಕ್ಷೆಯಲ್ಲಿ ಉತ್ತೀರ್ಣವಾಗಬಹುದು, ಓಝೋನಿನ ಮುಂದೆ ಮಾತ್ರ ನಿಲ್ಲದು. ಗಾಳಿಮಳೆಗೆ ಕರೆಂಟ್ ಹೋಗಿ ಎಲ್ಲ ಉಪಕರಣಗಳೂ ನಿಂತಾಗ ತನ್ನ ಪಾಡಿಗೆ ತಾನು ನಡೆಯುವ ಕೆಲಸ ಇದೊಂದೇ ಎನ್ನುವುದು ಮಲೆನಾಡಿನವರಿಗೆ ಸಮಾಧಾನದ ವಿಷಯ.

ಬಳಸುವ ಎಥನಾಲ್ ಮಾತ್ರ ಕಲಬೆರಕೆ ಸ್ಪಿರಿಟ್ ಆಗಿರಬಾರದು. ಅಬಕಾರಿ ಪರವಾನಗಿಯ ಗೋಜಿಗೆ ಹೆದರಿ ಡಿನೇಚರ್ಡ್ ಸ್ಪಿರಿಟ್ ಬಳಸುವುದನ್ನು ಅಲ್ಲಲ್ಲಿ ಕಾಣುತ್ತೇವೆ. ಅದರಲ್ಲಿರುವ ಬೇರೆ ವಸ್ತುಗಳು ಪದರದ ನಡುವೆ ಸೇರಿಕೊಂಡರೆ ಮುಂದಿನ ಯಾವ ಎಚ್ಚರಿಕೆಯೂ ಫಲ ಕೊಡುವುದಿಲ್ಲ. ಥಯಾಲಿನ ಹಳೆಯ ಬಾಟಲಿಯೂ ಸಂಶಯಾಸ್ಪದವೇ. ತೆರೆದು ಬಹಳ ಕಾಲವಾದರೆ ಥಯಾಲ್ ಅಣುಗಳು ಗಂಧಕದ ಕಡೆಯಿಂದ ಎರಡೆರಡಾಗಿ ಕೂಡಿಕೊಂಡು ಡೈಸಲ್ಫೈಡ್ ಆಗುತ್ತಾ ಹೋಗುತ್ತವೆ. ಡೈಸಲ್ಫೈಡ್ ಕೂಡ ಚಿನ್ನಕ್ಕೆ ಅಂಟುತ್ತದೆ, 1983ರಲ್ಲಿ ನುಝೊ ಮತ್ತು ಅಲ್ಲಾರಾ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದ ಪ್ರಬಂಧದಲ್ಲಿ ಬಳಸಿದ್ದೇ ಡೈಸಲ್ಫೈಡುಗಳನ್ನು. ಆದರೆ ಉದ್ದ ಸರಪಳಿಯ ಡೈಸಲ್ಫೈಡ್ ಎಥನಾಲಿನಲ್ಲಿ ಸರಿಯಾಗಿ ಕರಗದೆ ಮೇಲ್ಮೈಯಲ್ಲಿ ಗರಣೆಯಾಗಿ ಕೂರುತ್ತದೆ.

ಡಿಎನ್‌ಎ ಸಂವೇದಕ ಮಾಡುವವರು ಥಯಾಲ್ ಜೋಡಿಸಿದ ಡಿಎನ್‌ಎ ಎಳೆಗಳ ನಡುವಿನ ಜಾಗವನ್ನು ಮರ್ಕ್ಯಾಪ್ಟೊಹೆಕ್ಸನಾಲಿನಿಂದ ತುಂಬುವುದು ರೂಢಿ. 6 ಇಂಗಾಲದ ಈ ಅಣು ಇಡೀ ರಚನೆಯಲ್ಲಿ ಅತಿ ದುರ್ಬಲವಾದ ಕೊಂಡಿ. 8 ಅಥವಾ 11 ಇಂಗಾಲದ್ದನ್ನು ಬಳಸಿದರೆ ಬಾಳಿಕೆ ಹೆಚ್ಚುತ್ತದೆ. ಆದರೆ ಪ್ರತಿ ಮೀಥಿಲೀನ್ ಕೊಂಡಿ ಹೆಚ್ಚಿದಂತೆ ಪದರದ ಮೂಲಕ ಎಲೆಕ್ಟ್ರಾನ್ ದಾಟುವ ವೇಗ ಸುಮಾರು ಎರಡೂವರೆ ಪಟ್ಟು ಇಳಿಯುವುದರಿಂದ ಸಂಕೇತ ಕುಗ್ಗುತ್ತದೆ. ನನ್ನ ಒಲವು 8 ಇಂಗಾಲದ್ದರ ಕಡೆಗೆ. ಒಂದಕ್ಕಿಂತ ಹೆಚ್ಚು ಗಂಧಕಗಳಿಂದ ಚಿನ್ನವನ್ನು ಹಿಡಿಯುವ ಅಣುಗಳು, 2014ರಿಂದ ಹೆಸರು ಮಾಡಿರುವ, ಗಂಧಕದ ಬದಲು ಇಂಗಾಲದಿಂದ ಚಿನ್ನವನ್ನು ಹಿಡಿಯುವ ಕಾರ್ಬೀನ್ ಪದರಗಳು ಇನ್ನೂ ಗಟ್ಟಿ. ಅವುಗಳ ಬೆಲೆಯನ್ನೂ ತಯಾರಿಕೆಯ ಕಷ್ಟವನ್ನೂ ನೋಡಿದರೆ ಮೊದಲ ವರ್ಷದ ವಿದ್ಯಾರ್ಥಿಗೆ ಅವು ಬೇಡ.

ನಾಲ್ಕನೆಯ ಹಂತ: ಇಡುವುದು

ಹೊರತೆಗೆದ ಪಟ್ಟಿಯನ್ನು ಎಥನಾಲಿನಲ್ಲಿ ಚೆನ್ನಾಗಿ ತೊಳೆದು ನೈಟ್ರೋಜನ್ ಊದಿ ಒಣಗಿಸಿ, ಗಾಜಿನ ಸಣ್ಣ ಬಾಟಲಿಯಲ್ಲಿ ಹಾಕಿ, ನೈಟ್ರೋಜನ್ ತುಂಬಿಸಿ, ಟೆಫ್ಲಾನ್ ಒಳಪದರದ ಮುಚ್ಚಳ ಬಿಗಿದು, ಹೊರಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಶೀತಪೆಟ್ಟಿಗೆಯಲ್ಲಿಡಿ. ಮೃದು ಪ್ಲಾಸ್ಟಿಕ್ ಡಬ್ಬಿಗಳಿಂದ ಪ್ಲಾಸ್ಟಿಸೈಸರ್, ಸಿಲಿಕೋನ್ ರಬ್ಬರಿನಿಂದ ಸಿಲಾಕ್ಸೇನ್, ಗಂಧಕ ಸೇರಿಸಿ ಹದಗೊಳಿಸಿದ ರಬ್ಬರ್ ಬಿರಡೆಗಳಿಂದ ಗಂಧಕದ ಸಂಯುಕ್ತಗಳು ಹೊರಬರುವುದರಿಂದ ಇವು ಯಾವುವೂ ಬೇಡ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ತೇವ ಹೋಗುತ್ತದೆ ಹೊರತು ಓಝೋನ್ ಹೋಗುವುದಿಲ್ಲ. ಓಝೋನನ್ನು ನಾಶಮಾಡುವುದು ಸಕ್ರಿಯ ಇಂಗಾಲ. ನೈಟ್ರೋಜನ್ ಸಿಲಿಂಡರ್ ಇಲ್ಲದವರು ಬಾಟಲಿಗಳನ್ನೆಲ್ಲ ಒಂದು ದೊಡ್ಡ ಗಾಜಿನ ಡೆಸಿಕೇಟರಿನಲ್ಲಿಟ್ಟು ತಳದಲ್ಲಿ ಸಕ್ರಿಯ ಇಂಗಾಲದ ಹರಳುಗಳನ್ನು ಹರಡಿದರೂ ಬಹಳ ಮಟ್ಟಿಗೆ ಕೆಲಸವಾಗುತ್ತದೆ.

ಮಳೆಗಾಲದ ತೇವ ನಿಜವಾಗಿ ಕಾಡುವುದು ಇಲ್ಲಿ, ಮತ್ತು ಪರೋಕ್ಷವಾಗಿ. ಶೀತಪೆಟ್ಟಿಗೆಯಿಂದ ತೆಗೆದ ಬಾಟಲಿಯನ್ನು ತಕ್ಷಣ ತೆರೆದರೆ ತಣ್ಣನೆಯ ಚಿನ್ನದ ಮೇಲೆ ಕ್ಷಣಾರ್ಧದಲ್ಲಿ ಇಬ್ಬನಿ ಕೂರುತ್ತದೆ. ಒಂದಿಷ್ಟು ಅಣುಗಳು ಅದಾಗಲೇ ಸಲ್ಫೋನೇಟ್ ಆಗಿದ್ದರೆ ಆ ನೀರಿನಲ್ಲಿ ಅವು ಕರಗಿ, ಹನಿ ಒಣಗಿದ ಕಡೆ ಉಂಗುರದಂತೆ ಗುಂಪುಗೂಡುತ್ತವೆ, ನಡುವೆ ಬರಿಯ ಚಿನ್ನ ಉಳಿಯುತ್ತದೆ. ಬಾಟಲಿ ಕೋಣೆಯ ಉಷ್ಣತೆಗೆ ಬರುವವರೆಗೆ, ಕಡಿಮೆಯೆಂದರೆ ಅರ್ಧ ಗಂಟೆ, ಮುಚ್ಚಳವನ್ನು ಮುಟ್ಟಬೇಡಿ. ದಿನವಿಡೀ ಕರೆಂಟ್ ಬಂದುಹೋಗುವ ವಾರಗಳಲ್ಲಿ ಶೀತಪೆಟ್ಟಿಗೆಯ ಏರಿಳಿತವೇ ಇದೇ ಕೆಲಸ ಮಾಡುವುದರಿಂದ, ಆಗ ಕತ್ತಲೆಯ ಡೆಸಿಕೇಟರ್ ಹೆಚ್ಚು ಸುರಕ್ಷಿತ.

ಒಟ್ಟಿಗೆ ಇಡುವ ಮಾದರಿಗಳ ಪ್ರತಿ ಗುಂಪಿನ ಜೊತೆಗೆ ಒಂದು ಸಾಕ್ಷಿ ತುಣುಕನ್ನು ಇಡಿ. 18 ಇಂಗಾಲದ ಪದರಗಳನ್ನು ಇಟ್ಟ ಡಬ್ಬಿಯಲ್ಲೇ 6 ಇಂಗಾಲದ ಥಯಾಲ್ ಹಚ್ಚಿದ ಸಣ್ಣ ಚೂರೊಂದನ್ನು ಇಟ್ಟರೆ, ಡಬ್ಬಿಗೆ ಓಝೋನ್ ನುಗ್ಗಿದ್ದನ್ನು ಅದು ಮೊದಲೇ ಹೇಳುತ್ತದೆ.

ಐದನೆಯ ಹಂತ: ಕೆಟ್ಟಿದೆಯೇ ಎಂದು ನೋಡುವುದು

ಪರೀಕ್ಷೆಗಳ ಅನುಕ್ರಮ ತಪ್ಪಿದರೆ ಸಾಕ್ಷ್ಯ ನಾಶವಾಗುತ್ತದೆ. ಎಲ್ಲರೂ ಅಭ್ಯಾಸಬಲದಿಂದ ಮಾದರಿಯನ್ನು ಮೊದಲು ಎಥನಾಲಿನಲ್ಲಿ ತೊಳೆದು ಆಮೇಲೆ ಅಳೆಯುತ್ತಾರೆ. ಉತ್ಕರ್ಷಣೆಯಾಗಿದ್ದ ಅಣುಗಳು ಆ ತೊಳೆತದಲ್ಲೇ ಹೊರಟುಹೋಗುತ್ತವೆ, ಉಳಿದ ಒಳ್ಳೆಯ ಅಣುಗಳನ್ನು ಮಾತ್ರ ಉಪಕರಣ ಕಾಣುತ್ತದೆ, ಉತ್ಕರ್ಷಣೆಯೇ ಆಗಿಲ್ಲವೆಂಬ ವರದಿ ಸಿದ್ಧವಾಗುತ್ತದೆ. ಆದ್ದರಿಂದ ಪಟ್ಟಿಯನ್ನು ಮೂರು ಚೂರು ಮಾಡಿ: ಒಂದನ್ನು ತೊಳೆಯದೆ ಎಕ್ಸ್-ಕಿರಣ ಫೋಟೊಎಲೆಕ್ಟ್ರಾನ್ ವರ್ಣಪಟಲಕ್ಕೆ, ಇನ್ನೊಂದನ್ನು ತೊಳೆದು ಅದೇ ಪರೀಕ್ಷೆಗೆ, ಮೂರನೆಯದನ್ನು ನೀರಿನ ಹನಿ ಮತ್ತು ವಿದ್ಯುದ್ರಾಸಾಯನಿಕ ಪರೀಕ್ಷೆಗೆ.

ಎಕ್ಸ್-ಕಿರಣದ ಪರೀಕ್ಷೆಗೆ ಸಾಮಾನ್ಯವಾಗಿ ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೇ ಮಾದರಿ ಕಳಿಸಬೇಕಾಗುತ್ತದೆ. ಹೋಗುವ ದಾರಿಯಲ್ಲೂ ನಾಲ್ಕನೆಯ ಹಂತದ ನಿಯಮಗಳು ಅನ್ವಯಿಸುತ್ತವೆ. ಗಂಧಕದ 2ಪಿ ಶಿಖರ ಚಿನ್ನಕ್ಕೆ ಬಂಧಿತವಾದ ಥಯೋಲೇಟಿಗೆ 162 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ, ಬಂಧವಿಲ್ಲದ ಥಯಾಲ್ ಅಥವಾ ಡೈಸಲ್ಫೈಡಿಗೆ 163.5ರಿಂದ 164ರಲ್ಲಿ, ಸಲ್ಫೋನೇಟಿಗೆ 167ರಿಂದ 169ರ ನಡುವೆ ಕಾಣುತ್ತದೆ. ತೊಳೆಯದ ಚೂರಿನಲ್ಲಿ 168ರ ಬಳಿ ಗುಡ್ಡೆ ಇದ್ದು ತೊಳೆದ ಚೂರಿನಲ್ಲಿ ಅದು ಮಾಯವಾಗಿ, ಜೊತೆಗೆ ಚಿನ್ನಕ್ಕೆ ಹೋಲಿಸಿದ ಗಂಧಕದ ಪ್ರಮಾಣವೂ ಇಳಿದಿದ್ದರೆ ಉತ್ಕರ್ಷಣ ಖಚಿತ. ಎಕ್ಸ್-ಕಿರಣವೇ ಪದರಕ್ಕೆ ನಿಧಾನವಾಗಿ ಹಾನಿ ಮಾಡುವುದರಿಂದ ಗಂಧಕವನ್ನು ಮೊದಲು ಅಳೆಯಿರೆಂದು ಉಪಕರಣ ನಡೆಸುವವರಿಗೆ ಕೇಳಿಕೊಳ್ಳಿ.

ನೀರಿನ ಹನಿಯ ಪರೀಕ್ಷೆಯನ್ನು ಊರಲ್ಲೇ ಮಾಡಬಹುದು. ಮೀಥೈಲ್ ತುದಿಯ ಒಳ್ಳೆಯ ಪದರದ ಮೇಲೆ ಇಟ್ಟ 3 ಮೈಕ್ರೊಲೀಟರ್ ಹನಿ, ಕೆಸುವಿನ ಎಲೆಯ ಮೇಲೆ ಉರುಳುವ ಹನಿಯಷ್ಟು ದುಂಡಗಲ್ಲದಿದ್ದರೂ, 110 ಡಿಗ್ರಿಯಷ್ಟು ಸಂಪರ್ಕ ಕೋನದಲ್ಲಿ ಅಂಚು ಒಳಮಡಿಸಿಕೊಂಡು ನಿಲ್ಲುತ್ತದೆ. ಮೊಬೈಲ್ ಕ್ಯಾಮೆರಾಗೆ ಮ್ಯಾಕ್ರೊ ಮಸೂರ ಸಿಕ್ಕಿಸಿ, ಹಿಂದೆ ಬಿಳಿ ಬೆಳಕಿಟ್ಟು ತೆಗೆದ ಚಿತ್ರವನ್ನು ಇಮೇಜ್‌ಜೆ ತಂತ್ರಾಂಶದಲ್ಲಿ ಅಳೆದರೆ ಸಾಕು. ಕೋನ 100ಕ್ಕಿಂತ ಕೆಳಗಿಳಿದರೆ ಸಂಶಯಪಡಬೇಕು. ಅದಕ್ಕಿಂತ ಸೂಕ್ಷ್ಮವಾದ ಗುರುತು ಹನಿಯನ್ನು ಸೂಜಿಯಿಂದ ಹಿಂದಕ್ಕೆಳೆಯುವಾಗ ಕಾಣುತ್ತದೆ: ಒಳ್ಳೆಯ ಪದರದಲ್ಲಿ ಹನಿಯ ಅಂಚು ನುಣುಪಾಗಿ ಜಾರುತ್ತದೆ, ತೂತುಬಿದ್ದ ಪದರದಲ್ಲಿ ಅಲ್ಲಲ್ಲಿ ಸಿಕ್ಕಿಕೊಂಡು ತಡೆದು ತಡೆದು ಬರುತ್ತದೆ. ಮುಂದೊತ್ತುವ ಮತ್ತು ಹಿಂದೆಳೆಯುವ ಕೋನಗಳ ಅಂತರ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಸರಾಸರಿ ಕೋನ ಚೆನ್ನಾಗಿದ್ದರೂ ನಂಬಬೇಡಿ.

ಕೊನೆಯದಾಗಿ ವಿದ್ಯುದ್ರಾಸಾಯನಿಕ ಪರೀಕ್ಷೆಗಳು. ಧಾರಕತೆ ಅಳೆಯುವುದು ಪದರಕ್ಕೆ ಹೆಚ್ಚು ನೋವು ಕೊಡದ ವಿಧಾನ: 16 ಇಂಗಾಲದ ಗಟ್ಟಿ ಪದರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಮೈಕ್ರೊಫ್ಯಾರಡ್, ಬರಿಯ ಚಿನ್ನಕ್ಕೆ ಅದರ ಹತ್ತಾರು ಪಟ್ಟು. ಪದರದಲ್ಲಿ ತೂತುಗಳಿವೆಯೇ ಎಂದು ನೋಡಲು ಫೆರಿಸಯನೈಡ್ ಬಳಸುವವರು ದ್ರಾವಣವನ್ನು ಬೆಳಕಿನಿಂದ ದೂರವಿಟ್ಟು ಪರೀಕ್ಷೆಯನ್ನು ಬೇಗ ಮುಗಿಸಬೇಕು, ಏಕೆಂದರೆ ಅದರಿಂದ ಬಿಡುಗಡೆಯಾಗುವ ಸಯನೈಡ್ ಚಿನ್ನವನ್ನು ಕೊರೆಯುತ್ತದೆ. ಇಂಪೀಡೆನ್ಸ್ ಅಳತೆಯ ಕಡಿಮೆ ಆವೃತ್ತಿಯ ಭಾಗಕ್ಕೆ ಹಲವು ನಿಮಿಷ ಹಿಡಿಯುವುದರಿಂದ ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ಅದನ್ನು ಆರಂಭಿಸುವುದೇ ಬೇಡ.

ಎಷ್ಟು ಅಣುಗಳು ಉಳಿದಿವೆಯೆಂದು ಎಣಿಸುವುದಕ್ಕೆ ಅಪಕರ್ಷಕ ಬಿಡಿಸುವಿಕೆ ಇದೆ, ಆದರೆ ಅದರೊಂದಿಗೆ ಪದರವೂ ಮುಗಿಯುತ್ತದೆ. ಆಮ್ಲಜನಕವನ್ನು ಪೂರ್ತಿ ಹೊರಹಾಕಿದ 0.5 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ವಿಭವವನ್ನು ಋಣ ದಿಕ್ಕಿಗೆ ಒಯ್ದಾಗ, ಬೆಳ್ಳಿ-ಬೆಳ್ಳಿ ಕ್ಲೋರೈಡ್ ಆಧಾರಕ್ಕೆ −0.9ರಿಂದ −1.2 ವೋಲ್ಟ್ ನಡುವೆ ಥಯೋಲೇಟ್ ಬಿಡುವ ಶಿಖರ ಬರುತ್ತದೆ. ಸರಪಳಿ ಉದ್ದವಾದಷ್ಟೂ ಅದು ಹೆಚ್ಚು ಋಣಕ್ಕೆ ಸರಿಯುತ್ತದೆ. ತುಂಬಿದ ಪದರಕ್ಕೆ ಲೆಕ್ಕದ ಪ್ರಕಾರ ನಿಜ ವಿಸ್ತೀರ್ಣದ ಚದರ ಸೆಂಟಿಮೀಟರಿಗೆ 73ರಿಂದ 75 ಮೈಕ್ರೊಕೂಲಂಬ್ ಬರಬೇಕು. ಮೇಲ್ಮೈಯ ಧಾರಕತೆಯ ಪಾಲೂ ಸೇರಿಕೊಳ್ಳುವುದರಿಂದ ಅಳತೆಯಲ್ಲಿ ಇದಕ್ಕಿಂತ ಹೆಚ್ಚು ಕಾಣುವುದು ಸಹಜ. ಹೊಸ ಪದರದ ಸಂಖ್ಯೆಯನ್ನೂ ಇಟ್ಟ ಪದರದ ಸಂಖ್ಯೆಯನ್ನೂ ಒಂದೇ ರೀತಿಯಲ್ಲಿ ಲೆಕ್ಕಹಾಕಿ ಹೋಲಿಸುವುದರಲ್ಲಿ ಮಾತ್ರ ಅರ್ಥವಿದೆ.

ಆರನೆಯ ಹಂತ: ಬಳಸುವಾಗ

ಚೆನ್ನಾಗಿ ಇಟ್ಟ ಪದರವನ್ನು ಒಂದೇ ತಪ್ಪು ಸ್ಕ್ಯಾನಿನಲ್ಲಿ ಹಾಳುಮಾಡಬಹುದು. ತಟಸ್ಥ ಬಫರಿನಲ್ಲಿ −0.5 ಮತ್ತು +0.5 ವೋಲ್ಟ್ ನಡುವೆ ಉಳಿಯುವುದು ಕ್ಷೇಮ. ಬಹಳ ಧನಕ್ಕೆ ಹೋದರೆ ಗಂಧಕ ಉತ್ಕರ್ಷಣೆಯಾಗಿ, ಬಹಳ ಋಣಕ್ಕೆ ಹೋದರೆ ಅಪಕರ್ಷಣೆಯಾಗಿ ಬಿಡುತ್ತದೆ. ಡಿಎನ್‌ಎ ಎಳೆಗಳನ್ನು ಬಿಡಿಸುವುದಕ್ಕೆಂದು ದ್ರಾವಣವನ್ನು 70 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಬೇಡಿ, ಥಯಾಲ್ ಕೂಡ ಹೊರಡುತ್ತದೆ. ಪಾತ್ರೆಯಲ್ಲಿ ಬೇರೆ ಥಯಾಲ್ ಇದ್ದರೆ, ಉದಾಹರಣೆಗೆ ಪ್ರೋಟೀನ್ ದ್ರಾವಣಕ್ಕೆ ಸೇರಿಸಿದ ಡೈಥಯೋಥ್ರೈಟಾಲ್, ಅದು ಪದರದ ಅಣುಗಳನ್ನು ಕಿತ್ತು ತಾನೇ ಕೂರುತ್ತದೆ. ಉಪ್ಪಿನ ಬಫರಿನಲ್ಲಿ ದೇಹದ ಉಷ್ಣತೆಯಲ್ಲಿ ಇಟ್ಟ ಪದರಗಳು ವಾರಗಳ ಅವಧಿಯಲ್ಲಿ ಕರಗುತ್ತಾ ಹೋಗುವುದರಿಂದ, ಸಂವೇದಕವನ್ನು ದೂರದ ಆಸ್ಪತ್ರೆಗೆ ಕಳಿಸುವ ಉದ್ದೇಶವಿದ್ದರೆ ಒದ್ದೆಯಾಗಿ ಕಳಿಸದೆ ಒಣಗಿಸಿ, ನೈಟ್ರೋಜನ್ ತುಂಬಿ ಕಳಿಸಬೇಕು.

ಬಳಸಿದ ಥಯಾಲ್ ಪಾತ್ರೆಗಳನ್ನು ಹೊಗೆಗೂಡಿನಲ್ಲೇ ಎಥನಾಲಿನಿಂದ ತೊಳೆದು, ಆ ಎಥನಾಲನ್ನು ಸಾವಯವ ತ್ಯಾಜ್ಯದ ಬಾಟಲಿಗೆ ಹಾಕಿ, ಪಾತ್ರೆಯಲ್ಲಿ ಉಳಿದ ಅಂಶದ ವಾಸನೆಯನ್ನು ದುರ್ಬಲ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ಹೋಗಲಾಡಿಸಬಹುದು. ಹೈಪೊಕ್ಲೋರೈಟನ್ನು ಆಮ್ಲದ ಜೊತೆ ಸೇರಿಸಬಾರದು, ಕ್ಲೋರಿನ್ ಹೊರಬರುತ್ತದೆ. ಚಿನ್ನದ ಪಟ್ಟಿಗಳನ್ನು ತೊಳೆಯುವ ಸಿಂಕಿನ ಹತ್ತಿರ ಹೈಪೊಕ್ಲೋರೈಟಿನ ಬಾಟಲಿಯನ್ನು ಇಡುವುದೂ ಬೇಡ.